‘ಕಿರಿಯ’ : ಒಂದು ಶಬ್ದವಿಚಾರ

ಅಲ್ಪತ್ವವನ್ನು ಸೂಚಿಸುವ ಶಬ್ದಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಸಣ್ಣ, ಚಿಕ್ಕ, ಪುಟ್ಟ, ಎಳೆಯ, ಕಿರಿಯ, ತುಸು, ಇನಿಸು ಎಂಬಿವೆಲ್ಲ ಮೇಲುನೋಟಕ್ಕೆ ಒಂದೇ ಅರ್ಥದ ಪದಗಳಂತೆ ತೋರಿದರೂ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಇರಿಸಲು ಬರುವುದಿಲ್ಲ. ‘ಸಣ್ಣ’ ಎಂಬುದು ಸಂಸ್ಕೃತದ ‘ಶ್ಲಕ್ಷ್ಣ’ ಶಬ್ದವು ಪ್ರಾಕೃತದ ಮೂಲಕ ನಮ್ಮಲ್ಲಿಗೆ ಬಂದ ರೂಪ; ನಯ, ನವಿರು ಎಂಬ ಅದರ ಹಳೆಯ ಅರ್ಥ ಸಣ್ಣ ನೂಲು, ಸಣ್ಣಕ್ಕಿ ಮುಂತಾದ ಪ್ರಯೋಗಗಳಲ್ಲಿ ಇಂದಿಗೂ ಉಳಿದಿದೆ. ‘ಎಳೆಯ’ದಲ್ಲಿ ಕೋಮಲತೆಯಿದೆ, ‘ಪುಟ್ಟ’ದಲ್ಲಿ ಅಕ್ಕರೆಯಿದೆ. ಇವೆಲ್ಲವನ್ನೂ ವಿಸ್ತರಿಸುವುದು ಪ್ರಕೃತ ಲೇಖನದ ಉದ್ದೇಶವಲ್ಲ. ‘ಕಿರಿಯ’ ಎಂಬ ಒಂದೇ ಶಬ್ದವನ್ನು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇನೆ. ಇದಕ್ಕೆ ಕಾರಣವೂ ಉಂಟು. ಈ ಶಬ್ದಕ್ಕೆ ನಾವು ಹೇಳುವ ಅರ್ಥವನ್ನು ಅವಲಂಬಿಸಿ ಬಸವಣ್ಣನವರ ಒಂದು ಮುಖ್ಯ ವಚನದ ತಾತ್ಪರ್ಯವೇ ಬದಲಾಗುತ್ತದೆ.

ತಮಗಿಂತ ಕಿರಿಯರಾದವರು ಯಾರೂ ಇಲ್ಲವೆಂದೂ, ಶಿವಭಕ್ತರಿಗಿಂತ ಹಿರಿಯರಾದವರು ಯಾರೂ ಇಲ್ಲವೆಂದೂ ಬಸವಣ್ಣನವರು ಹೇಳಿಕೊಂಡಿರುವ ಆ ವಚನವನ್ನು ಅರಿಯದ ಭಕ್ತರು ವಿರಳ. ಪ್ರವಚನಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ದೊರೆಯುವ ವ್ಯಾಖ್ಯಾನ ಹೀಗಿರುತ್ತದೆ: ಬಸವಣ್ಣನವರು ತಮ್ಮನ್ನು ಎಲ್ಲರಿಗಿಂತ ಕೀಳಾದವರೆಂದು ಭಾವಿಸಿಕೊಂಡರು, ಅದು ಅವರ ವಿನಯ, ನಾವೂ ನಮ್ಮನ್ನು ಕೀಳೆಂದು ಭಾವಿಸಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಊರಿನ ಪ್ರವಚನದಲ್ಲಿ ವಾಗ್ಮಿಗಳೊಬ್ಬರು ಈ ವಚನವನ್ನು ವಿವರಿಸುತ್ತ, ಹಿಂದಿನ ಸಾಲುಗಳಲ್ಲಿ ಕುಳಿತಿದ್ದ ಕೂಲಿಯ ಜನರ ಕಡೆಗೆ ಕೈ ಚಾಚಿ, ‘ಕೀಳಾಗಿ ನಡೆಯುವುದನ್ನು ಬಸವಣ್ಣನವರಿಂದ ಕಲಿಯಿರಿ’ ಎಂದು ಉಪದೇಶಿಸಿದುದನ್ನು ನಾನು ಕೇಳಿದ್ದೇನೆ. ಮುಂದಿನ ಸಾಲಿನವರಿಗೆ ಆ ಉಪದೇಶ ತಗುಲಿದಂತೆ ಕಾಣಲಿಲ್ಲ. ಆ ದಿನದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಒಂದೇ: ‘ಕಿರಿಯ’ ಎಂದರೆ ‘ಕೀಳು’ ಎಂದು ಅರ್ಥ ಮಾಡಲು ನಮಗೆ ಭಾಷೆಯ ಒಪ್ಪಿಗೆ ಇದೆಯೆ?

ಇಲ್ಲವೆಂಬುದು ನನ್ನ ಅಭಿಪ್ರಾಯ. ಮೊದಲು ಶಬ್ದದ ಮೂಲವನ್ನು ನೋಡೋಣ.

ಇಂದು ನಾವು ‘ಕಿರಿ’, ‘ಕಿರು’ ಎಂದು ಬರೆಯುವ ಈ ಧಾತುವಿನ ಹಳಗನ್ನಡ ರೂಪ ‘ಕಿಱಿ’, ‘ಕಿಱು’. ಇಲ್ಲಿರುವುದು ಸಾಮಾನ್ಯ ರಕಾರವಲ್ಲ, ಶಕಟರೇಫ. ‘ಕೀಳು’ ಎಂಬುದರ ಹಳಗನ್ನಡ ರೂಪವಾದರೋ ‘ಕೀೞ್’. ಅದರ ಕೊನೆಯ ಅಕ್ಷರ ಕೇಶಿರಾಜನು ಕುಳ, ಕ್ಷಳಗಳಿಂದ ಬೇರ್ಪಡಿಸಿ ಹೇಳಿದ ರಳ. ಕಾಲಕ್ರಮದಲ್ಲಿ ಶಕಟರೇಫವು ರಕಾರದಲ್ಲಿಯೂ ರಳವು ಳಕಾರದಲ್ಲಿಯೂ ಬೆರೆತುಹೋದುವು. ಹೀಗೆ ಬೆರೆತ ಮೇಲೆ ಕಿರಿ, ಕೀಳು ಎಂಬ ಎರಡು ಪದಗಳು ಕಿವಿಗೆ ಒಂದೇ ಮನೆಯ ಮಕ್ಕಳಂತೆ ಕೇಳಿಸತೊಡಗಿದುವು. ಮೂಲದಲ್ಲಿ ಅವುಗಳಿಗೆ ನೆಂಟಸ್ತಿಕೆಯಿಲ್ಲ.

ಇದಕ್ಕೆ ನೆರೆಯ ಭಾಷೆಗಳೇ ಸಾಕ್ಷ್ಯ ನುಡಿಯುತ್ತವೆ. ನಮ್ಮ ‘ಕಿಱು’ ಶಬ್ದಕ್ಕೆ ತಮಿಳಿನಲ್ಲಿ ‘ಚಿಱು’, ಮಲಯಾಳದಲ್ಲಿ ‘ಚೆಱು’, ತೆಲುಗಿನಲ್ಲಿ ‘ಚಿಱು’ ಎಂಬ ರೂಪಗಳಿವೆ. ನಮ್ಮ ಕಿರುನಗೆಯೇ ತೆಲುಗರ ಚಿರುನವ್ವು. ಇ, ಎ ಸ್ವರಗಳ ಹಿಂದಿನ ಕಕಾರವು ಆ ಭಾಷೆಗಳಲ್ಲಿ ಚಕಾರವಾಯಿತು. ಕನ್ನಡವು ಹಳೆಯ ಕಕಾರವನ್ನೇ ಉಳಿಸಿಕೊಂಡಿತು. ನಮ್ಮ ಕಿವಿ ತಮಿಳಿನಲ್ಲಿ ಚೆವಿ, ನಮ್ಮ ಕೆಱೆ ತೆಲುಗಿನಲ್ಲಿ ಚೆಱುವು, ನಮ್ಮ ಕೆಂಪಿನ ಕೆಮ್ ತಮಿಳಿನಲ್ಲಿ ಚೆಮ್. ದ್ರಾವಿಡ ಭಾಷೆಗಳಲ್ಲಿ ಕ-ಚಗಳ ಈ ಸಂಬಂಧ ಕಾಲ್ಡ್‌ವೆಲ್ಲರ ಕಾಲದಿಂದಲೂ ವಿದ್ವಾಂಸರಿಗೆ ತಿಳಿದುದೇ. ಆದರೆ ತಮಿಳಿನಲ್ಲಿ ಈ ನಿಯಮಕ್ಕೆ ಒಂದು ತಡೆಯುಂಟು. ಆ ಸ್ವರದ ಮುಂದೆ ಮೂರ್ಧನ್ಯ ವ್ಯಂಜನವಿದ್ದರೆ ಕಕಾರವು ಕಕಾರವಾಗಿಯೇ ನಿಲ್ಲುತ್ತದೆ. ಇದನ್ನು ಬರೋ ಎಂಬ ವಿದ್ವಾಂಸರು ೧೯೪೩ರಲ್ಲಿ ವಿಶದಪಡಿಸಿದರು. ಆದುದರಿಂದಲೇ ನಮ್ಮ ಗಿಳಿ ತಮಿಳಿನಲ್ಲಿ ಕಿಳಿ, ನಮ್ಮ ಕೇಳ್ ಅಲ್ಲಿಯೂ ಕೇಳ್, ನಮ್ಮ ಕೆಡು ಅಲ್ಲಿಯೂ ಕೆಡು. ನಮ್ಮ ಕೀೞ್ ಕೂಡ ಅಲ್ಲಿ ಕೀೞ್ ಎಂದೇ ಉಳಿದಿದೆ. ಕನ್ನಡದಲ್ಲಿ ಒಂದೇ ಕಕಾರದಿಂದ ಆರಂಭವಾಗುವ ಈ ಎರಡು ಶಬ್ದಗಳು ತಮಿಳಿನಲ್ಲಿ ‘ಚಿಱು’ ಮತ್ತು ‘ಕೀೞ್’ ಎಂದು ಬೇರೆ ಬೇರೆ ದಾರಿ ಹಿಡಿದುವು. ಒಂದರ ಮುಂದಿರುವುದು ಶಕಟರೇಫ, ಇನ್ನೊಂದರ ಮುಂದಿರುವುದು ರಳ. ಕನ್ನಡದಲ್ಲಿ ಮರೆಯಾದ ಭೇದವನ್ನು ತಮಿಳು ತನ್ನ ಮೊದಲಕ್ಷರದಲ್ಲಿಯೇ ಕಾಪಾಡಿಕೊಂಡಿದೆ.

(ಇದೇ ಬಗೆಯ ಇನ್ನೊಂದು ಭ್ರಾಂತಿಯನ್ನು ಪ್ರಸಂಗವಶಾತ್ ಹೇಳಬಹುದು. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲ್. ಅದನ್ನು ‘ಕಿರುಪೊಳಲು, ಎಂದರೆ ಚಿಕ್ಕ ಪಟ್ಟಣ’ ಎಂದು ಬಿಡಿಸುವ ಉತ್ಸಾಹಿಗಳನ್ನು ಕಂಡಿದ್ದೇನೆ. ‘ಕಿಸು’ ಎಂದರೆ ಕೆಂಪು. ಅಲ್ಲಿನ ಕಲ್ಲಿನ ಬಣ್ಣವನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಾಗಲಾರದು.)

ಇನ್ನು ಸಮಾಸಗಳ ವಿಷಯ. ವ್ಯಂಜನದ ಮುಂದೆ ಈ ಶಬ್ದವು ‘ಕಿಱು’ ಎಂದು ನಿಲ್ಲುತ್ತದೆ: ಕಿಱುಗೂಸು, ಕಿರುಬೆರಳು, ಕಿರುಗೆಜ್ಜೆ, ಕಿರುನಾಲಗೆ, ಕಿರುನಗೆ. ಸ್ವರದ ಮುಂದೆ ‘ಕಿತ್ತ್’ ಎಂದಾಗುವುದೂ ಉಂಟು. ಅಡಿ ಎಂಬ ಪದದೊಡನೆ ಕೂಡಿದಾಗ ‘ಕಿತ್ತಡಿ’. ಈ ಕಿತ್ತಡಿ ಎಂಬ ಪದ ನಮ್ಮ ವಿಚಾರಕ್ಕೆ ಬಹಳ ಉಪಕಾರಿ. ಸಣ್ಣ ಹೆಜ್ಜೆ ಎಂಬ ಅಕ್ಷರಾರ್ಥವುಳ್ಳ ಈ ಶಬ್ದಕ್ಕೆ ಹಳಗನ್ನಡದಲ್ಲಿ ತಪಸ್ವಿ, ಯತಿ ಎಂಬ ಅರ್ಥ ರೂಢಿಯಲ್ಲಿತ್ತು. ಅಲ್ಪತ್ವವಾಚಕವೇ ಪೂಜ್ಯರ ಹೆಸರಾಗಿ ನಿಂತಿದೆ. ಕೀೞ್ ಶಬ್ದದಿಂದ ಆದ ಸಮಾಸಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ: ಕೀಳ್ನುಡಿ, ಕೀಳ್ಮಟ್ಟ, ಈಚಿನ ಕೀಳರಿಮೆ. ಕಿರುನಗೆಗೂ ಕೀಳ್ನುಡಿಗೂ ಇರುವ ಅಂತರವನ್ನು ಯಾವ ಕನ್ನಡಿಗನಿಗೂ ವಿವರಿಸಬೇಕಾಗಿಲ್ಲ.

ಹಾಗೆಂದು ‘ಕಿರಿ’ಯ ವಂಶದಲ್ಲಿ ಕಹಿಯ ಮಾತೇ ಇಲ್ಲವೆಂದಲ್ಲ. ‘ಕಿರುಕುಳ’ ಒಂದಿದೆ. ಕ್ಷುದ್ರ, ಅಲ್ಪ ಎಂಬ ಅರ್ಥಗಳಿದ್ದ ಈ ಶಬ್ದ ಶಾಸನಗಳಲ್ಲಿ ಸುಂಕದ ಹೆಸರಾಗಿಯೂ ಬರುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದುವವರಿಗೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಕಿರುಕುಳ ಎಂಬ ಸಾಲು ಅಪರಿಚಿತವಲ್ಲ. ಹೆಜ್ಜುಂಕ ಎಂದರೆ ಹಿರಿದಾದ ಸುಂಕ, ಕಿರುಕುಳ ಎಂದರೆ ಸಣ್ಣಪುಟ್ಟ ಬಾಬುಗಳ ಮೇಲಿನದು. ಇಂದು ಕಿರುಕುಳ ಎಂದರೆ ಪೀಡೆ. ಸಣ್ಣ ಸುಂಕವೇ ಜನರಿಗೆ ದೊಡ್ಡ ಪೀಡೆಯಾಗಿ ಕಂಡು ಅರ್ಥ ಹೀಗೆ ತಿರುಗಿತೆ ಎಂದು ಊಹಿಸಲು ಮನಸ್ಸಾಗುತ್ತದೆ. ಆದರೆ ಊಹೆ ಊಹೆಯೇ. ನಮಗೆ ಇಲ್ಲಿ ಪ್ರಯೋಜನಕ್ಕೆ ಬರುವ ಸಂಗತಿ ಬೇರೆ. ಬಸವಣ್ಣನವರು ಬಿಜ್ಜಳನಲ್ಲಿ ಭಂಡಾರಿಗಳಾಗಿದ್ದವರು. ಹಿರಿ-ಕಿರಿ ಎಂಬ ಜೋಡಿ ಅವರಿಗೆ ಬರಿಯ ಕವಿಸಮಯವಾಗಿರಲಿಲ್ಲ, ದಿನದ ಲೆಕ್ಕದ ಮಾತಾಗಿತ್ತು. ಅಷ್ಟೇ ಅಲ್ಲ, ‘ಹಿರಿಯ’ ಎಂಬುದು ಆ ಕಾಲದಲ್ಲಿ ಅಧಿಕಾರದ ಬಿರುದೂ ಹೌದು. ಹೊಯ್ಸಳರ ಆಸ್ಥಾನದಲ್ಲಿದ್ದ ಹುಳ್ಳನು ‘ಹಿರಿಯ ಭಂಡಾರಿ’ ಎನಿಸಿಕೊಂಡಿದ್ದನು. ಶ್ರವಣಬೆಳಗೊಳದಲ್ಲಿ ಅವನು ಕಟ್ಟಿಸಿದ ಭಂಡಾರಿ ಬಸದಿ ೧೧೫೯ರದು. ಒಂದೇ ಕಾಲ, ಒಂದೇ ಬಗೆಯ ಹುದ್ದೆ. ಒಂದು ರಾಜ್ಯದ ಭಂಡಾರಿಗೆ ‘ಹಿರಿಯ’ ಎಂಬುದು ಬಿರುದು; ಇನ್ನೊಂದು ರಾಜ್ಯದ ಭಂಡಾರಿ ಅದನ್ನು ಶಿವಭಕ್ತರಿಗೆ ಒಪ್ಪಿಸಿ ತಾನು ‘ಕಿರಿಯ’ ಎಂಬುದನ್ನು ಆರಿಸಿಕೊಳ್ಳುತ್ತಾನೆ. ಅಂದು ಈ ವಚನವನ್ನು ಕೇಳಿದವರ ಕಿವಿಗೆ ಇದು ಎಷ್ಟು ಹರಿತವಾಗಿ ತಟ್ಟಿರಬೇಕೆಂಬುದನ್ನು ನಾವು ಈಗ ಕಷ್ಟಪಟ್ಟು ಕಲ್ಪಿಸಿಕೊಳ್ಳಬೇಕಾಗಿದೆ.

ಶಿವಭಕ್ತರನ್ನು ಹಿರಿಯರೆನ್ನುವುದು ಅವರು ಹೊಸದಾಗಿ ತಂದ ಸಂಪ್ರದಾಯವಲ್ಲ. ಅರುವತ್ತುಮೂವರು ಪುರಾತನರ ಚರಿತ್ರೆಯನ್ನು ತಮಿಳಿನಲ್ಲಿ ಹಾಡಿದ ಸೇಕ್ಕಿೞಾರರ ಕೃತಿಯೂ ಹನ್ನೆರಡನೆಯ ಶತಮಾನದ್ದೇ. ಅದು ‘ಪೆರಿಯ ಪುರಾಣ’ವೆಂದು ಪ್ರಸಿದ್ಧವಾಗಿದೆ. ಈ ‘ಪೆರಿಯ’ವೇ ನಮ್ಮ ‘ಪಿರಿಯ’, ‘ಹಿರಿಯ’. ಆ ನಾಡಿನ ಶಿವಭಕ್ತರು ತಮ್ಮನ್ನು ‘ಚಿಱಿಯೇನ್’, ಎಂದರೆ ಕಿರಿಯನಾದ ನಾನು, ಎಂದು ಹೇಳಿಕೊಳ್ಳುವ ವಾಡಿಕೆಯೂ ಇದ್ದಿತು. ಹಿರಿಯ-ಕಿರಿಯ ಎಂಬ ಜೋಡಿ ದಕ್ಷಿಣದ ಶೈವಭಕ್ತಿಯ ಸಮಾನ ಸೊತ್ತು. ಬಸವಣ್ಣನವರ ವೈಶಿಷ್ಟ್ಯವನ್ನು ಅವರ ಪ್ರಯೋಗದಲ್ಲಿ ಹುಡುಕಬೇಕು.

ಅವರ ವಚನಗಳಲ್ಲಿ ಅಲ್ಪತ್ವವು ಮೂರು ಜೋಡಿಗಳಲ್ಲಿ ಕಾಣಿಸಿಕೊಳ್ಳುವುದನ್ನು ಲಕ್ಷ್ಯವಿಟ್ಟು ಓದುವವರು ಗುರುತಿಸಬಹುದು. ಮೊದಲನೆಯದು ಘನ ಮತ್ತು ಕಿರಿದು. ಆನೆಯನ್ನೂ ಅಂಕುಶವನ್ನೂ, ಗಿರಿಯನ್ನೂ ವಜ್ರಾಯುಧವನ್ನೂ, ಕತ್ತಲೆಯನ್ನೂ ಜ್ಯೋತಿಯನ್ನೂ, ಕೊನೆಗೆ ಮರವೆಯನ್ನೂ ದೇವರನ್ನು ನೆನೆಯುವ ಮನಸ್ಸನ್ನೂ ಎದುರುಬದುರಾಗಿ ನಿಲ್ಲಿಸಿ, ಎರಡನೆಯದನ್ನು ಕಿರಿದೆಂದು ಕರೆಯಬಹುದೆ ಎಂದು ಕೇಳುವ ವಚನ ಸುಪ್ರಸಿದ್ಧ. ಇಲ್ಲಿ ಬಂದಿರುವುದು ನಪುಂಸಕಲಿಂಗದ ರೂಪ. ಕಿರಿದು ಎಂಬುದು ವಸ್ತುವಿನ ಅಳತೆ. ಕಣ್ಣು ಅಳೆದು ಹೇಳುವ ಆ ಅಳತೆಯನ್ನು ಬಸವಣ್ಣನವರು ಒಪ್ಪುವುದಿಲ್ಲ. ಗಾತ್ರದಿಂದ ಕಿರಿದಾದುದು ಶಕ್ತಿಯಿಂದ ಕಿರಿದಲ್ಲ. ಇನ್ನೂ ಸೂಕ್ಷ್ಮವಾಗಿ ನೋಡಿದರೆ, ಮೊದಲ ಮೂರು ದೃಷ್ಟಾಂತಗಳು ಹೊರಗಿನ ವಸ್ತುಗಳಾದರೆ ನಾಲ್ಕನೆಯದು ಒಳಗಿನದು, ಭಕ್ತನ ಮನಸ್ಸೇ. ಅದಕ್ಕೂ ‘ಕಿರಿದು’ ಎಂಬ ಮಾತು ಸಲ್ಲದು ಎಂದಮೇಲೆ, ತಮ್ಮನ್ನು ತಾವು ಕಿರಿಯನೆಂದು ಕರೆದುಕೊಂಡ ವಚನಕ್ಕೆ ‘ನಾನು ಅಲ್ಪ, ನಾನು ಕೀಳು’ ಎಂದು ಅರ್ಥ ಹೇಳಿದರೆ ಎರಡು ವಚನಗಳು ಒಂದಕ್ಕೊಂದು ಎದುರು ನುಡಿದಂತಾಗುವುದಿಲ್ಲವೆ?

ಎದುರು ನುಡಿಯುವುದಿಲ್ಲ. ಏಕೆಂದರೆ ಆ ವಚನದಲ್ಲಿರುವ ಶಬ್ದ ‘ಕಿರಿದು’ ಅಲ್ಲ, ‘ಕಿರಿಯರು’. ಇದು ಮನುಷ್ಯವಾಚಕ, ಅದೂ ಬಹುವಚನ. ಜೋಡಿಯೂ ಬೇರೆ, ಅಲ್ಲಿ ಘನ, ಇಲ್ಲಿ ಹಿರಿಯರು. ಕನ್ನಡದಲ್ಲಿ ಕಿರಿಯ ಎಂಬುದು ಮನುಷ್ಯರಿಗೆ ಸಲ್ಲುವಾಗ ಮೊದಲು ಹೇಳುವುದು ವಯಸ್ಸನ್ನು, ಮನೆಯೊಳಗಣ ಸ್ಥಾನವನ್ನು. ಕಿರಿಯ ಮಗ, ಕಿರಿಯ ಸೊಸೆ ಎನ್ನುವಾಗ ಅವರು ಕೀಳಾದವರೆಂದು ಯಾರೂ ತಿಳಿಯುವುದಿಲ್ಲ. ನಮ್ಮ ಮಠಗಳ ವಾಡಿಕೆಯನ್ನೇ ನೋಡಬಹುದು. ಪಟ್ಟದ ಗುರುಗಳು ಹಿರಿಯ ಶ್ರೀಗಳು, ಉತ್ತರಾಧಿಕಾರಿಗಳಾಗಿ ಬಂದವರು ಕಿರಿಯ ಶ್ರೀಗಳು. ಈ ಎರಡನೆಯ ಮಾತಿನಲ್ಲಿ ಅಗೌರವದ ಲೇಶವೂ ಇಲ್ಲ. ಮುಂದೆ ಆ ಪೀಠ ಸಲ್ಲುವುದು ಅವರಿಗೇ. ಕಿರಿಯನಾಗುವುದೆಂದರೆ ಒಂದು ಮನೆತನದೊಳಗೆ ಹುಟ್ಟುವುದು. ಹೊರಗಿನವನು ಚಿಕ್ಕವನಾಗಿರಬಹುದು, ಬಡವನಾಗಿರಬಹುದು. ಆ ಮನೆಗೆ ಕಿರಿಯನಾಗಲಾರನು.

ಬಸವಣ್ಣನವರು ಸೇರಬಯಸಿದ ಮನೆತನ ಯಾವುದೆಂಬುದನ್ನು ಅವರ ಮತ್ತೊಂದು ವಚನ ತೋರಿಸಿಕೊಡುತ್ತದೆ. ಮಾದಾರ ಚೆನ್ನಯ್ಯನನ್ನು ಅಪ್ಪನೆಂದೂ, ಡೋಹರ ಕಕ್ಕಯ್ಯನನ್ನು ಬೊಪ್ಪನೆಂದೂ, ಕಿನ್ನರಿ ಬೊಮ್ಮಯ್ಯನನ್ನು ಅಣ್ಣನೆಂದೂ ಅವರು ಅಲ್ಲಿ ಕರೆಯುತ್ತಾರೆ. ತಂದೆಗಳೂ ಅಣ್ಣಂದಿರೂ ಇರುವ ಮನೆಯಲ್ಲಿ ಹೀಗೆ ಕರೆಯುವವನು ಯಾರಾದಾನು? ಕಿರಿಯನೇ ಸರಿ. ಎರಡು ವಚನಗಳನ್ನು ಒಟ್ಟಿಗೆ ಓದಿದಾಗ ‘ಕಿರಿಯ’ ಶಬ್ದಕ್ಕೆ ರಕ್ತಮಾಂಸ ತುಂಬಿಕೊಳ್ಳುತ್ತದೆ. ಬ್ರಾಹ್ಮಣಕುಲದಲ್ಲಿ ಹುಟ್ಟಿ ರಾಜ್ಯದ ಭಂಡಾರವನ್ನು ಕೈಯಲ್ಲಿ ಹಿಡಿದಿದ್ದವರು ಮಾದಾರನ ಮನೆಗೆ ಕಿರಿಯ ಮಗನಾಗಿ ಬರುತ್ತಾರೆ. ಇದನ್ನು ಬರಿಯ ವಿನಯವೆನ್ನುವುದು ಸಾಲದು. ವಿನಯಶಾಲಿಯು ತಾನಿದ್ದ ಸ್ಥಾನದಲ್ಲಿಯೇ ಇದ್ದು ತಲೆಬಾಗಬಹುದು. ಇವರು ಸ್ಥಾನವನ್ನೇ ಬಿಟ್ಟು ಬಂದಿದ್ದಾರೆ. ‘ಕೀಳು’ ಎಂಬ ಅರ್ಥವನ್ನು ಇಲ್ಲಿ ತಂದರೆ ಆಗುವ ಅನರ್ಥವನ್ನು ಗಮನಿಸಬೇಕು. ಲೋಕವು ಕೀಳೆಂದು ಕರೆದವರ ಮನೆಯಲ್ಲಿ ತಾನೂ ಕೀಳಾದೆನೆಂದು ಹೇಳಿದಂತಾಗಿ, ಲೋಕದ ಮಾತನ್ನೇ ಬಸವಣ್ಣನವರು ಅನುಮೋದಿಸಿದಂತಾಗುತ್ತದೆ. ಅವರ ಮಾತು ಅದಕ್ಕೆ ನೇರವಾಗಿ ವಿರುದ್ಧವಾದುದು. ಲೋಕ ಕೀಳೆಂದವರನ್ನು ಅವರು ಹಿರಿಯರೆನ್ನುತ್ತಾರೆ, ಅವರ ಮುಂದೆ ತಾವು ಕಿರಿಯರೆನ್ನುತ್ತಾರೆ. ಕೀಳೆಂಬ ಶಬ್ದಕ್ಕೆ ಆ ಮನೆಯಲ್ಲಿ ಎಡೆಯೇ ಇಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಬಸವಣ್ಣನವರೇ ಮತ್ತೊಂದೆಡೆ ತಾವು ಮೇಲಾಗಲು ಒಲ್ಲದೆ ಕೀಳಾಗಲು ಬಯಸಿದುದುಂಟಲ್ಲ ಎಂದು ವಚನಾಭ್ಯಾಸಿಗಳು ಕೇಳಬಹುದು. ಹೌದು, ಅದು ಮೂರನೆಯ ಜೋಡಿ: ಮೇಲು ಮತ್ತು ಕೀಳು. ಈ ವಚನವನ್ನು ಮರೆಮಾಚಿ ನನ್ನ ವಾದವನ್ನು ಗೆಲ್ಲಿಸಿಕೊಳ್ಳುವ ಇಚ್ಛೆ ನನಗಿಲ್ಲ. ಆದರೆ ಅಲ್ಲಿ ಅವರು ಕೊಡುವ ದೃಷ್ಟಾಂತವನ್ನು ನೋಡಬೇಕು. ಕೆಳಗಿದ್ದುದಕ್ಕಲ್ಲದೆ ಹಯನು ಕರೆಯದು ಎಂಬ ಅನುಭವವನ್ನು ಅವರು ಮುಂದಿಡುತ್ತಾರೆ. ಹಾಲು ಮೇಲಿನಿಂದ ಇಳಿಯುವಂಥದು. ಅದು ಬೇಕಾದವನು ಕೆಳಗಿರಬೇಕು. ಹಟ್ಟಿಯನ್ನು ಕಂಡವರಿಗೆ ಇದು ಕಣ್ಣೆದುರಿನ ಚಿತ್ರ. ಹೀಗಾಗಿ ಅಲ್ಲಿಯ ಕೀೞ್ ಶಬ್ದವು ತನ್ನ ಮೂಲಾರ್ಥದಲ್ಲಿ, ಎಂದರೆ ‘ಕೆಳಗೆ’ ಎಂಬ ದೇಶವಾಚಕ ಅರ್ಥದಲ್ಲಿ ನಿಂತಿದೆ; ನೀಚ ಎಂಬ ಅರ್ಥದಲ್ಲಿ ಅಲ್ಲ. ಕೃಪೆ ಇಳಿದು ಬರುವ ದಿಕ್ಕನ್ನು ಹೇಳಬೇಕಾದಾಗ ಬಸವಣ್ಣನವರು ಮೇಲು-ಕೀಳು ಎಂಬ ಜೋಡಿಯನ್ನು ಎತ್ತಿಕೊಂಡರು. ಭಕ್ತರ ನಡುವೆ ತಮ್ಮ ಸ್ಥಾನವನ್ನು ಹೇಳಬೇಕಾದಾಗ ಹಿರಿಯ-ಕಿರಿಯ ಎಂಬುದನ್ನು. ಎರಡು ಶಬ್ದಗಳೂ ಅವರ ನಾಲಗೆಯ ಮೇಲೆಯೇ ಇದ್ದವು. ಹಾಗಿದ್ದೂ ಭಕ್ತರ ಎದುರಿನಲ್ಲಿ ನಿಂತಾಗ ಈ ವಚನದಲ್ಲಿ ‘ಕಿರಿಯ’ವನ್ನೇ ಆರಿಸಿಕೊಂಡರೆಂಬುದು ನನ್ನ ವಾದಕ್ಕೆ ಅಡ್ಡಿಯಲ್ಲ, ಬಲ.

ಇನ್ನೊಂದು ವ್ಯಾಖ್ಯಾನವಿದೆ, ಅದು ಭಕ್ತಿಯಿಂದಲೇ ಹುಟ್ಟಿದುದಾದರೂ ನನಗೆ ಒಪ್ಪಿಗೆಯಾಗಿಲ್ಲ. ಬಸವಣ್ಣನವರು ನಂದೀಶ್ವರನ ಅವತಾರವೆಂಬುದು ಪುರಾಣಗಳ ನಿಲುವು. ೧೩೬೯ರಲ್ಲಿ ರಚಿತವಾದ ಭೀಮಕವಿಯ ಬಸವಪುರಾಣದಿಂದ ಅದು ಮನೆಮನೆಯ ಮಾತಾಯಿತು. ಅಂಥ ಮಹಿಮರು ತಮ್ಮನ್ನು ಕಿರಿಯರೆಂದುದು ಲೀಲೆ, ಲೋಕಶಿಕ್ಷಣಕ್ಕಾಗಿ ಆಡಿದ ಮಾತು ಎಂದು ಕೆಲವರು ಹೇಳುತ್ತಾರೆ. ಪುರಾಣದ ಘನತೆಗೆ ಕುಂದಿಲ್ಲದಂತೆಯೇ ಒಂದು ಮಾತನ್ನು ಅರಿಕೆ ಮಾಡಬಹುದು: ವಚನದ ಉತ್ತರಾರ್ಧವು ಈ ವಿವರಣೆಗೆ ಎಡೆಗೊಡುವುದಿಲ್ಲ. ಅಲ್ಲಿ ಬಸವಣ್ಣನವರು ತಮ್ಮ ಮಾತಿಗೆ ದೇವರ ಪಾದವನ್ನೂ ತಮ್ಮ ಮನಸ್ಸನ್ನೂ ಸಾಕ್ಷಿಯಾಗಿ ಕರೆಯುತ್ತಾರೆ, ಇದೇ ತಮಗೆ ‘ದಿಬ್ಯ’ ಎನ್ನುತ್ತಾರೆ. ದಿಬ್ಯ ಎಂಬುದು ಸಂಸ್ಕೃತದ ‘ದಿವ್ಯ’; ವ್ಯವಹಾರದ ಪರಿಭಾಷೆಯಲ್ಲಿ ಸತ್ಯಪರೀಕ್ಷೆ. ತುಲಾ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳನ್ನು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಸಾಕ್ಷಿ, ಲೇಖ್ಯ ಮುಂತಾದ ಮಾನುಷ ಪ್ರಮಾಣಗಳು ದೊರೆಯದಿದ್ದಾಗ ದಿವ್ಯಕ್ಕೆ ಹೋಗಬೇಕೆಂಬುದು ಶಾಸ್ತ್ರದ ಕ್ರಮ. ಬಸವಣ್ಣನವರಾದರೋ ಸಾಕ್ಷಿಯನ್ನೂ ಒದಗಿಸಿ ದಿವ್ಯಕ್ಕೂ ಸಿದ್ಧರಾಗುತ್ತಾರೆ. ಅರಮನೆಯ ವ್ಯವಹಾರವನ್ನು ಬಲ್ಲ ಅಧಿಕಾರಿಯ ಮಾತಿದು. ಸುಳ್ಳಾದರೆ ಕೈ ಸುಡುವ ಪರೀಕ್ಷೆಗೆ ಲೀಲೆಯ ಮಾತನ್ನು ಯಾರೂ ಒಡ್ಡುವುದಿಲ್ಲ. ಅವರಿಗೆ ಇದು ವಾಸ್ತವವಾದ ಹೇಳಿಕೆ. ಮನೆತನದಲ್ಲಿ ತನ್ನ ಸ್ಥಾನವೇನೆಂದು ಕೇಳಿದಾಗ ಮಗನು ಹೇಳುವ ಉತ್ತರದಂತೆ ನೇರವಾದುದು.

ಕಿಂಕರ, ದಾಸ ಎಂಬ ಶಬ್ದಗಳೂ ವಚನಗಳಲ್ಲಿ ಹೇರಳವಾಗಿವೆ. ‘ಏನು ಮಾಡಲಿ’ ಎಂದು ಕೇಳುತ್ತ ನಿಲ್ಲುವವನು ಕಿಂಕರ. ಅದು ಸೇವೆಯ ಸಂಬಂಧ. ಕಿರಿಯ ಎಂಬುದು ಹುಟ್ಟಿನ ಸಂಬಂಧ; ಇಲ್ಲಿ ಗುರುವು ಕೊಟ್ಟ ಹುಟ್ಟು ಎಂದು ತಿಳಿಯಬೇಕು. ಭಕ್ತಸ್ಥಲದ ವಿವೇಚನೆಯಲ್ಲಿ ಈ ಎರಡನ್ನೂ ಒಂದಾಗಿ ಹೊಸೆಯುವುದು ವಾಡಿಕೆಯಾಗಿದೆ. ಅವನ್ನು ಬಿಡಿಸಿ ನೋಡಿದರೆ ದಾಸೋಹದ ಕಲ್ಪನೆಯೂ ಇನ್ನಷ್ಟು ಸ್ಪಷ್ಟವಾದೀತೆಂದು ನನ್ನ ನಂಬಿಕೆ. ಅದು ಬೇರೊಂದು ಲೇಖನದ ವಿಷಯ.

ಈ ವಚನದ ವ್ಯಾಕರಣದಲ್ಲಿ ಇನ್ನೊಂದು ಅಂಶವಿದೆ. ಕಿರಿಯ ಎಂಬ ಮಾತು ಇಲ್ಲಿ ಉತ್ತಮಪುರುಷಕ್ಕೆ ಮಾತ್ರ ತಗುಲಿದೆ. ಆಡುವವನು ತನ್ನನ್ನು ಕುರಿತು ಆಡಿದ್ದಾನೆ. ಮಧ್ಯಮಪುರುಷಕ್ಕೆ, ಎಂದರೆ ಎದುರಿಗಿದ್ದವರಿಗೆ, ಅದನ್ನು ಹೇರಿಲ್ಲ. ಪ್ರಥಮಪುರುಷದಲ್ಲಿರುವ ಶಿವಭಕ್ತರಿಗೆ ಸಂದಿರುವುದು ‘ಹಿರಿಯ’. ಪ್ರವಚನದಲ್ಲಿ ಹಿಂದಿನ ಸಾಲಿನ ಕಡೆಗೆ ಕೈ ಚಾಚಿದ ವಾಗ್ಮಿಗಳು ಮಾಡಿದ ತಪ್ಪು ಅರ್ಥದ್ದಷ್ಟೇ ಅಲ್ಲ, ಪುರುಷಪ್ರತ್ಯಯದ್ದೂ ಹೌದು. ಹಿಂದಿನ ಸಾಲಿನಲ್ಲಿ ಕುಳಿತಿದ್ದವರೂ ಶಿವಭಕ್ತರೇ. ವಚನದ ಪ್ರಕಾರ ಅಂದು ಅಲ್ಲಿ ‘ಕಿರಿಯ’ ಎಂಬ ಶಬ್ದವನ್ನು ತನಗೆ ಅನ್ವಯಿಸಿಕೊಳ್ಳಬಹುದಾಗಿದ್ದವರು ವೇದಿಕೆಯ ಮೇಲೆ ಮಾತನಾಡುತ್ತಿದ್ದವರೊಬ್ಬರೇ.

ವಿದ್ಯಾರ್ಥಿಗಳಿಗಾಗಿ ಒಂದು ಸೂಚನೆಯನ್ನು ಇಲ್ಲಿ ಸೇರಿಸುತ್ತೇನೆ. ೧೮೯೪ರ ಕಿಟ್ಟೆಲ್ ನಿಘಂಟನ್ನು ತೆರೆದು ಕಿಱು, ಕೀೞ್ ಎರಡನ್ನೂ ಅಕ್ಕಪಕ್ಕದಲ್ಲಿಟ್ಟುಕೊಂಡು ವಚನಗಳನ್ನು ಓದುವ ಅಭ್ಯಾಸ ಒಳ್ಳೆಯದು. ಹಳಕಟ್ಟಿಯವರ ವಚನಶಾಸ್ತ್ರಸಾರದ ಮೊದಲ ಭಾಗ ೧೯೨೩ರಲ್ಲಿ ಹೊರಬಂದಂದಿನಿಂದ, ಸರ್ಕಾರವು ೧೯೯೩ರಲ್ಲಿ ಹದಿನೈದು ಸಂಪುಟಗಳ ಸಮಗ್ರ ವಚನಗಳನ್ನು ಪ್ರಕಟಿಸಿದವರೆಗೆ, ಪಾಠಗಳು ನಮಗ��� ಸುಲಭವಾಗಿ ಒದಗಿವೆ. ಆದರೆ ಅಚ್ಚಿನಲ್ಲಿ ಸಾಮಾನ್ಯ ರಕಾರ ಳಕಾರಗಳೇ ಇರುವುದರಿಂದ ಅಕ್ಷರಗಳ ಹಳೆಯ ಭೇದ ಕಣ್ಣಿಗೆ ಬೀಳುವುದಿಲ್ಲ. ವಚನಗಳ ಅರ್ಥಕೋಶಗಳನ್ನು ಪರಿಷ್ಕರಿಸುವವರು ‘ಕಿರಿಯ’ ಶಬ್ದಕ್ಕೆ ‘ಮನೆತನದಲ್ಲಿ ಚಿಕ್ಕವನು’ ಎಂಬುದನ್ನು ಮೊದಲ ಅರ್ಥವಾಗಿಯೂ ‘ಗಾತ್ರದಲ್ಲಿ ಸಣ್ಣ’ ಎಂಬುದನ್ನು ಎರಡನೆಯದಾಗಿಯೂ ಕೊಟ್ಟು, ‘ಕೀಳು’ ಎಂಬುದನ್ನು ಅಲ್ಲಿಂದ ತೆಗೆದು ಅದರ ಸ್ವಂತ ನಮೂದಿಗೆ ಕಳುಹಿಸಬೇಕೆಂದು ಕೋರುತ್ತೇನೆ.